ಯಾವ ಸರ್ವರ್ ಡೌನ್ ಆಗಿದೆ ಸ್ವಾಮಿ?

ಕಳೆದ ಹತ್ತು ವರ್ಷಗಳಲ್ಲಿ ನಮ್ಮ ಹಳ್ಳಿಗಳ ಆಡುಮಾತಿಗೆ ಸೇರಿದ ಇಂಗ್ಲಿಷ್ ಮಾತುಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ ಅಂತ ಕೇಳಿದರೆ, ನನ್ನ ಓಟು ‘ಸರ್ವರ್ ಡೌನ್’ಗೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳದಿದ್ದರೆ ಸರ್ವರ್ ಡೌನ್. ನಾಡಕಚೇರಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರ ಸಿಗದಿದ್ದರೆ ಸರ್ವರ್ ಡೌನ್. ಗ್ರಾಮ ಒನ್ ಕೇಂದ್ರದಲ್ಲಿ ಬೆಳಿಗ್ಗೆಯಿಂದ ಕೂತವರಿಗೆ ಮಧ್ಯಾಹ್ನ ಸಿಗುವ ಉತ್ತರವೂ ಅದೇ: “ಅಕ್ಕಾ, ಸರ್ವರ್ ಇಲ್ಲ, ನಾಳೆ ಬನ್ನಿ.” ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರೂ ಈಗ “ಸರ್ವರ್ ಐತೇನಪ್ಪಾ ಇವತ್ತು?” ಅಂತ ಕೇಳಿಕೊಂಡೇ ಮನೆ ಬಿಡುತ್ತಾರೆ. ಮಳೆ ಬರುತ್ತಾ, ಬಸ್ಸು ಬರುತ್ತಾ, ಸರ್ವರ್ ಬರುತ್ತಾ!

ನನ್ನ ತಕರಾರು ಇರುವುದು ಇಲ್ಲೇ. ಮಳೆ ನಮ್ಮ ಕೈಲಿಲ್ಲ. ಸರ್ವರ್ ಯಾರದೋ ಕೈಲಿದೆ. ಅದಕ್ಕೆ ಟೆಂಡರ್ ಇದೆ, ಒಪ್ಪಂದ ಇದೆ, ನಿರ್ವಹಣೆಗೆ ಜನ ಇದ್ದಾರೆ, ತೆರಿಗೆ ಹಣ ಹೋಗುತ್ತಿದೆ. ಆದರೂ ನಾವು, ಮುಖ್ಯವಾಗಿ ವರದಿ ಬರೆಯುವ ನಾವು, ‘ಸರ್ವರ್ ಸಮಸ್ಯೆ: ಪರದಾಡಿದ ಜನ’ ಅಂತ ಶೀರ್ಷಿಕೆ ಕೊಟ್ಟು, ಸಾಲಿನ ಫೋಟೊ ಹಾಕಿ, ‘ಶೀಘ್ರ ಸರಿಪಡಿಸಲಾಗುವುದು’ ಅನ್ನುವ ಅಧಿಕಾರಿಯ ಹೇಳಿಕೆಯೊಂದಿಗೆ ಮುಗಿಸುತ್ತೇವೆ. ಆಲಿಕಲ್ಲು ಮಳೆಯ ಸುದ್ದಿ ಬರೆಯುವುದೂ ಹೀಗೆಯೇ. ಸೇತುವೆ ಕುಸಿದರೆ ಗುತ್ತಿಗೆದಾರ ಯಾರು, ಎಂಜಿನಿಯರ್ ಯಾರು ಅಂತ ಕೇಳುತ್ತೇವೆ. ಸರ್ವರ್ ಕುಸಿದರೆ ಕೇಳುವುದಿಲ್ಲ, ಯಾಕೆಂದರೆ ಒಳಗೆ ಏನಿದೆ ಅಂತ ನಮಗೇ ಗೊತ್ತಿರುವುದಿಲ್ಲ. ಹಾಗಾಗಿ ಮೊದಲು ಒಳಗೇನಿದೆ ನೋಡೋಣ. ನೋಡಿದ ಮೇಲೆ ನನ್ನ ವಾದ ಇಷ್ಟೇ: ಸರ್ಕಾರಿ ಜಾಲತಾಣಗಳು ಬೀಳುವುದಕ್ಕೆ ಬಹುಪಾಲು ಕಾರಣ ಯಂತ್ರದ ಕೊರತೆಯಲ್ಲ, ಆದೇಶ ಬರೆಯುವ ರೀತಿ.

ಒಂದು ಹೆಸರು, ಐದಾರು ಕೊಂಡಿ

ಒಬ್ಬ ಮಹಿಳೆ ಗ್ರಾಮ ಒನ್‌ಗೆ ಬಂದು ಒಂದು ಯೋಜನೆಗೆ ಅರ್ಜಿ ಹಾಕುತ್ತಾರೆ ಅಂದುಕೊಳ್ಳಿ. ಆಪರೇಟರ್ ಕಂಪ್ಯೂಟರ್‌ನಿಂದ ಹೊರಟ ಕೋರಿಕೆ ಮೊದಲು ಊರಿನ ಇಂಟರ್ನೆಟ್ ಲೈನ್ ದಾಟಬೇಕು. ಆಮೇಲೆ ಡೇಟಾ ಸೆಂಟರ್‌ನ ಬಾಗಿಲಲ್ಲಿ ಲೋಡ್ ಬ್ಯಾಲೆನ್ಸರ್ ಅಂತ ಒಂದು ವ್ಯವಸ್ಥೆ ಇರುತ್ತದೆ. ಬಂದವರನ್ನು ‘ನೀವು ಈ ಕೌಂಟರ್, ನೀವು ಆ ಕೌಂಟರ್’ ಅಂತ ಹಂಚುವುದು ಅದರ ಕೆಲಸ. ಆ ಕೌಂಟರ್‌ಗಳೇ ಅಪ್ಲಿಕೇಶನ್ ಸರ್ವರ್‌ಗಳು. ಅವುಗಳ ಹಿಂದೆ ಡೇಟಾಬೇಸ್, ಅಂದರೆ ದಫ್ತರದ ಕೋಣೆ. ಇಷ್ಟಕ್ಕೇ ಮುಗಿಯುವುದಿಲ್ಲ. ರೇಷನ್ ಕಾರ್ಡ್ ಸಂಖ್ಯೆ ಸರಿಯಿದೆಯೇ ಅಂತ ಆಹಾರ ಇಲಾಖೆಯ ವ್ಯವಸ್ಥೆಯನ್ನು ಕೇಳಬೇಕು. ಆಧಾರ್ ಒಟಿಪಿಗಾಗಿ ಇನ್ನೊಂದು ಕಡೆ ಹೋಗಬೇಕು. ಆ ಒಟಿಪಿಯನ್ನು ಮೊಬೈಲ್ ಕಂಪನಿ ಎಸ್‌ಎಂಎಸ್ ಮೂಲಕ ತಲುಪಿಸಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಅಂತ ಮತ್ತೊಂದು ಕಡೆ ನೋಡಬೇಕು.

ಇದರಲ್ಲಿ ಯಾವ ಕೊಂಡಿ ಕಳಚಿದರೂ ಕಂಪ್ಯೂಟರ್ ಪರದೆಯ ಮೇಲೆ ಸುತ್ತುವುದು ಅದೇ ಚಕ್ರ. ಆಪರೇಟರ್ ಬಾಯಲ್ಲಿ ಬರುವುದು ಅದೇ ಮಾತು. ಆಹಾರ ಇಲಾಖೆಯ ಕೊಂಡಿ ಹೋಗಿದೆಯೋ, ಒಟಿಪಿ ತಡವಾಗಿದೆಯೋ, ಊರಿನ ಕೇಬಲ್ಲೇ ತುಂಡಾಗಿದೆಯೋ ಅವರಿಗೂ ತಿಳಿಯುವ ದಾರಿಯಿಲ್ಲ. ಎಲ್ಲದಕ್ಕೂ ಒಂದೇ ಹೆಸರು ಇದ್ದಾಗ ಆಗುವ ಲಾಭ ಯಾರಿಗೆ ಗೊತ್ತೇ? ಹೊಣೆ ಹೊರಬೇಕಾದವರಿಗೆ. ‘ಸರ್ವರ್’ ಅನ್ನುವ ಆಸಾಮಿಗೆ ವಿಳಾಸವಿಲ್ಲ, ಹುದ್ದೆಯಿಲ್ಲ, ನೋಟಿಸ್ ಕೊಡಲಾಗುವುದಿಲ್ಲ.

ಒಂದು ಸಣ್ಣ ಲೆಕ್ಕ. ಈ ಸರಪಳಿಯಲ್ಲಿ ಐದು ಕೊಂಡಿ ಇವೆ, ಪ್ರತಿಯೊಂದೂ ನೂರಕ್ಕೆ 99 ಸಲ ಸರಿಯಾಗಿ ಕೆಲಸ ಮಾಡುತ್ತದೆ ಅನ್ನೋಣ. ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ಐದೂ ಒಟ್ಟಿಗೆ ಸರಿಯಿರುವ ಸಾಧ್ಯತೆ ನೂರಕ್ಕೆ 95 ಮಾತ್ರ. ಅಂದರೆ ಇಪ್ಪತ್ತರಲ್ಲಿ ಒಬ್ಬರು ಬರಿಗೈಲಿ ವಾಪಸ್. ಇಲಾಖೆಗಳು ‘ಶೇ 99 ಲಭ್ಯತೆ’ ಅಂತ ಹೇಳಿಕೊಂಡಾಗ ಇನ್ನೊಂದು ಮಾತು ನೆನಪಿಡಬೇಕು: ಶೇ 1 ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 88 ಗಂಟೆ. ಆ 88 ಗಂಟೆಗಳು ರಾತ್ರಿ ಎರಡಕ್ಕೆ ಬರುವುದಿಲ್ಲ. ಜನ ಜಾಸ್ತಿ ಇರುವಾಗಲೇ, ಕೆಲಸದ ವೇಳೆಯಲ್ಲೇ ಬರುತ್ತವೆ. ಕುಸಿತಕ್ಕೂ ಜನಸಂದಣಿಗೂ ನಂಟಿರುವುದರಿಂದ ಅದು ಸಹಜ.

ಜನ ಹೆಚ್ಚಾದರೋ, ಒಟ್ಟಿಗೆ ಬಂದರೋ?

‘ಒಂದೇ ಸಲ ಲಕ್ಷಾಂತರ ಜನ ಬಂದರೆ ಯಾವ ಸರ್ವರ್ ತಾನೇ ತಡೆದೀತು?’ ಇದು ಸಿದ್ಧ ಉತ್ತರ. ಇದನ್ನೂ ಲೆಕ್ಕಕ್ಕೆ ಹಾಕಿ ನೋಡೋಣ.

ಗೃಹಲಕ್ಷ್ಮಿ ನೋಂದಣಿ ಶುರುವಾಗಿದ್ದು 2023ರ ಜುಲೈ 19ರಂದು. ಅದಕ್ಕೆ ಒಂದು ತಿಂಗಳು ಮೊದಲು, ಜೂನ್ 18ರಂದು, ಸೇವಾ ಸಿಂಧು ಮೂಲಕ ಗೃಹಜ್ಯೋತಿ ನೋಂದಣಿ ಶುರುವಾಗಿತ್ತು. ಎರಡರಲ್ಲೂ ಆರಂಭದ ದಿನಗಳಲ್ಲಿ ಕೇಂದ್ರಗಳ ಮುಂದೆ ಸಾಲು, ಒಳಗೆ ಸುತ್ತುವ ಚಕ್ರ. ಗೃಹಲಕ್ಷ್ಮಿ ಒಂದು ಕೋಟಿಗೂ ಹೆಚ್ಚು ಕುಟುಂಬಗಳ ಯೋಜನೆ. ಲೆಕ್ಕದ ಅನುಕೂಲಕ್ಕೆ 1 ಕೋಟಿ 20 ಲಕ್ಷ ಅರ್ಜಿ ಅಂತ ಇಟ್ಟುಕೊಳ್ಳಿ. ಮೂವತ್ತು ದಿನ, ದಿನಕ್ಕೆ ಎಂಟು ಗಂಟೆ ಸಮನಾಗಿ ಹಂಚಿದರೆ ಸೆಕೆಂಡಿಗೆ ಬರುವುದು ಸುಮಾರು 14 ಅರ್ಜಿ.

ಹದಿನಾಲ್ಕು! ಇದು ದೊಡ್ಡ ಸಂಖ್ಯೆಯೇ? 2014ರಲ್ಲಿ ಐಆರ್‌ಸಿಟಿಸಿಯ ಹೊಸ ಟಿಕೆಟ್ ವ್ಯವಸ್ಥೆ ಬಂದಾಗ ಅದರ ಸಾಮರ್ಥ್ಯ ನಿಮಿಷಕ್ಕೆ 7,200 ಟಿಕೆಟ್ ಅಂತ ಘೋಷಿಸಲಾಗಿತ್ತು. ಅಂದರೆ ಸೆಕೆಂಡಿಗೆ 120. ಅದೂ ರೈಲು ಟಿಕೆಟ್ ಅಂದರೆ ಒಂದೇ ಸೀಟಿಗೆ ನೂರು ಜನ ಕೈ ಚಾಚುವ ಕೆಲಸ. ಒಬ್ಬರಿಗೆ ಕೊಟ್ಟು ಉಳಿದವರಿಗೆ ಇಲ್ಲ ಅನ್ನಬೇಕು. ನಮ್ಮ ಅರ್ಜಿಯಲ್ಲಿ ಆ ಜಗಳವೂ ಇಲ್ಲ. ಒಬ್ಬರ ಅರ್ಜಿಗೂ ಇನ್ನೊಬ್ಬರ ಅರ್ಜಿಗೂ ಪೈಪೋಟಿಯಿಲ್ಲ.

ಈಗ ಲೆಕ್ಕ ಬದಲಿಸಿ. ಅರ್ಧದಷ್ಟು ಜನ ಮೊದಲ ಮೂರೇ ದಿನದಲ್ಲಿ ಬಂದರು ಅನ್ನಿ. ಸೆಕೆಂಡಿಗೆ ಸುಮಾರು 70 ಅರ್ಜಿ ಆಯಿತು. ಒಂದು ಅರ್ಜಿ ಅಂದರೆ ಒಂದು ಕ್ಲಿಕ್ ಅಲ್ಲ. ಪುಟ ತೆರೆಯುವುದು, ಕಾರ್ಡ್ ಸಂಖ್ಯೆ ಹಾಕುವುದು, ಒಟಿಪಿ, ಫೈಲು ಏರಿಸುವುದು, ಸ್ವೀಕೃತಿ ಪಡೆಯುವುದು ಎಲ್ಲ ಸೇರಿ ಇಪ್ಪತ್ತು ಕೋರಿಕೆಯಾದರೂ ಆದೀತು. ಅಲ್ಲಿಗೆ ಸೆಕೆಂಡಿಗೆ 1,400. ಪುಟ ನಿಧಾನವಾದ ಕೂಡಲೇ ಆಪರೇಟರ್ ಏನು ಮಾಡುತ್ತಾರೆ? ರಿಫ್ರೆಶ್ ಒತ್ತುತ್ತಾರೆ. ಇನ್ನೂ ಮೂರು ಟ್ಯಾಬ್ ತೆರೆದು ಅದೇ ಅರ್ಜಿ ಹಾಕಿ ನೋಡುತ್ತಾರೆ, ಯಾವುದು ಮೊದಲು ತೆರೆದುಕೊಂಡರೆ ಅದು. ಎದುರಿಗೆ ಮಗು ಎತ್ತಿಕೊಂಡು ನಿಂತವರಿದ್ದಾರೆ, ಹಾಗೆ ಮಾಡಿದ್ದು ತಪ್ಪಲ್ಲ. ಆದರೆ ಸರ್ವರ್‌ಗೆ ಮೊದಲ ಕೋರಿಕೆಯನ್ನು ಅವರು ಕೈಬಿಟ್ಟಿದ್ದಾರೆ ಅಂತ ತಿಳಿಯದು. ನಾಲ್ಕನ್ನೂ ಮಾಡುತ್ತಾ ಕೂರುತ್ತದೆ. 1,400 ಇದ್ದದ್ದು 5,600 ಆಗುತ್ತದೆ. ನಿಧಾನವಾದದ್ದಕ್ಕೆ ಮತ್ತೆ ಒತ್ತುತ್ತಾರೆ, ಮತ್ತೆ ಒತ್ತಿದ್ದಕ್ಕೆ ಇನ್ನಷ್ಟು ನಿಧಾನವಾಗುತ್ತದೆ. ಬಹಳ ಸಲ ಸರ್ವರ್ ಬೀಳುವುದು ಜನರಿಂದಲ್ಲ, ಕಾಯುತ್ತಿರುವ ಜನರಿಗೆ ಉತ್ತರ ಕೊಡದೆ ಇರುವುದರಿಂದ.

ಹದಿನಾಲ್ಕಕ್ಕೂ ಐದೂವರೆ ಸಾವಿರಕ್ಕೂ ನಡುವಿನ ಅಂತರವನ್ನು ಮತ್ತೆ ನೋಡಿ. ಅರ್ಜಿದಾರರ ಸಂಖ್ಯೆ ಎರಡರಲ್ಲೂ ಒಂದೇ.

ಜಾತ್ರೆ ಬಂದರೆ, ದಸರಾ ಬಂದರೆ ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ ಬಿಡುತ್ತದೆ. ‘ಇಷ್ಟು ಜನ ಬರ್ತಾರೆ ಅಂತ ಗೊತ್ತಿರಲಿಲ್ಲ’ ಅಂತ ಡಿಪೊ ಮ್ಯಾನೇಜರ್ ಹೇಳಿದರೆ ಜನ ನಗುತ್ತಾರೆ. ಪಂಚಾಂಗದಲ್ಲೇ ಇರುವ ಹುಣ್ಣಿಮೆ ಅದು. ಸರ್ಕಾರಿ ಯೋಜನೆಗೆ ಎಷ್ಟು ಜನ ಬರುತ್ತಾರೆ ಅನ್ನುವುದು ಪಂಚಾಂಗಕ್ಕಿಂತ ಖಚಿತ. ಫಲಾನುಭವಿಗಳ ಪಟ್ಟಿ ಸರ್ಕಾರದ ಹತ್ತಿರವೇ ಇದೆ. ಯಾವ ತಾಲ್ಲೂಕಿನಲ್ಲಿ ಎಷ್ಟು ರೇಷನ್ ಕಾರ್ಡ್ ಅನ್ನುವುದೂ ಗೊತ್ತು. ಹಾಗಿದ್ದೂ ‘ನಿರೀಕ್ಷೆಗೂ ಮೀರಿ ಜನ’ ಅನ್ನುವ ಮಾತನ್ನು ನಾವು ಹಾಗೆಯೇ ಅಚ್ಚು ಹಾಕುತ್ತೇವೆ.

ಓದುವ ಕೆಲಸ, ಬರೆಯುವ ಕೆಲಸ

ದೊಡ್ಡ ಜಾಲತಾಣ ನಡೆಸುವವರು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಜನ ಬರುತ್ತಿರುವುದು ಓದುವುದಕ್ಕೋ, ಬರೆಯುವುದಕ್ಕೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಓದುವ ಕೆಲಸ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು, ಜೊತೆಗೆ ಅಪ್ಪ–ಅಮ್ಮ, ಮಾವ, ಮೇಷ್ಟ್ರು ಎಲ್ಲರೂ ಒಂದೇ ಗಳಿಗೆಯಲ್ಲಿ ನೋಡುತ್ತಾರೆ. ಆದರೆ ಅಂಕ ಒಮ್ಮೆ ಪ್ರಕಟವಾದ ಮೇಲೆ ಆ ದಿನ ಬದಲಾಗುವುದಿಲ್ಲ. ಪ್ರತಿಯೊಬ್ಬರು ಕೇಳಿದಾಗಲೂ ದಫ್ತರದ ಕೋಣೆಗೆ ಓಡಬೇಕಿಲ್ಲ. ಮೊದಲೇ ಪುಟಗಳನ್ನು ಸಿದ್ಧ ಮಾಡಿ, ನಕಲು ತೆಗೆದು, ಹತ್ತು ಕಡೆ ಇಟ್ಟರೆ ಸಾಕು. ಇದಕ್ಕೆ ಕ್ಯಾಶ್ ಅನ್ನುತ್ತಾರೆ, ದೇಶದ ಹಲವು ಊರುಗಳಲ್ಲಿ ಇಟ್ಟ ನಕಲುಗಳ ಜಾಲಕ್ಕೆ ಸಿಡಿಎನ್ ಅನ್ನುತ್ತಾರೆ. ಶಾಲೆಯ ನೋಟಿಸ್ ಬೋರ್ಡಿಗೆ ಫಲಿತಾಂಶದ ಪಟ್ಟಿ ಅಂಟಿಸುವುದೂ ಒಂದು ಕ್ಯಾಶೇ. ಡಿಜಿಲಾಕರ್, ಎಸ್‌ಎಂಎಸ್ ದಾರಿಗಳು ಬಂದ ಮೇಲೆ ಈ ಭಾರ ಇನ್ನೂ ಹಂಚಿಹೋಗಿದೆ.

ಕ್ರಿಕೆಟ್ ನೇರಪ್ರಸಾರವೂ ಬಹುಪಾಲು ಇದೇ ಜಾತಿ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಪಂದ್ಯವನ್ನು ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ 5.9 ಕೋಟಿ ಜನ ಒಟ್ಟಿಗೆ ನೋಡುತ್ತಿದ್ದರು. ಅದನ್ನು ಸಾಧಿಸಿದ ಎಂಜಿನಿಯರ್‌ಗಳು ತಮ್ಮ ಭಾಷಣಗಳಲ್ಲಿ ಹೇಳಿಕೊಂಡಿರುವ ಮೂರು ವಿಷಯ ನಮಗೆ ಉಪಯೋಗದ್ದು. ಒಂದು, ಜನ ಬಂದ ಮೇಲೆ ಸರ್ವರ್ ಸೇರಿಸಲು ಹೊರಟರೆ ತಡವಾಗುತ್ತದೆ, ಹಾಗಾಗಿ ಪಂದ್ಯಕ್ಕೆ ಮೊದಲೇ ಸಿದ್ಧ ಇಟ್ಟಿರುತ್ತಾರೆ. ಎರಡು, ನಕಲಿ ಜನಸಂದಣಿ ಸೃಷ್ಟಿಸಿ, ಎಲ್ಲಿ ಮುರಿಯುತ್ತದೆ ಅಂತ ಮೊದಲೇ ಪರೀಕ್ಷಿಸುತ್ತಾರೆ. ಮೂರು, ಭಾರ ಹೆಚ್ಚಾದಾಗ ‘ನಿಮಗಾಗಿ ಶಿಫಾರಸು’ ಥರದ ಅಲಂಕಾರಗಳನ್ನು ಕಿತ್ತುಹಾಕಿ ಪಂದ್ಯವನ್ನಷ್ಟೇ ಉಳಿಸಿಕೊಳ್ಳುತ್ತಾರೆ. 2019ರ ಜುಲೈ 10ರ ಸೆಮಿಫೈನಲ್‌ನಲ್ಲಿ 2.5 ಕೋಟಿ ಜನ ನೋಡುತ್ತಿದ್ದಾಗ ಧೋನಿ ರನೌಟ್ ಆದರು. ಜನ ಒಮ್ಮೆಲೇ ಎದ್ದುಹೋದರು. ಹೋಗುವವರಿಂದ ಏನು ತೊಂದರೆ ಅನ್ನಿಸಬಹುದು. ಅವರೆಲ್ಲ ಬ್ಯಾಕ್ ಬಟನ್ ಒತ್ತಿದ್ದರಿಂದ ಭಾರವೆಲ್ಲ ಆ್ಯಪ್‌ನ ಮುಖಪುಟದ ಮೇಲೆ ಬೀಳುತ್ತದೆ. ಅದಕ್ಕೂ ಸಿದ್ಧರಿರಬೇಕು. ಇಷ್ಟು ದೂರ ಯೋಚಿಸುವವರು ನಮ್ಮ ನಾಡಿನಲ್ಲೇ, ಬೆಂಗಳೂರಿನಲ್ಲೇ ಕೂತು ಕೆಲಸ ಮಾಡುವ ಹುಡುಗ–ಹುಡುಗಿಯರು.

ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಅರ್ಜಿ ಸ್ವೀಕರಿಸುವುದು ಕ್ರಿಕೆಟ್ ತೋರಿಸಿದಷ್ಟು ಸುಲಭವಲ್ಲ. ಅದು ಬರೆಯುವ ಕೆಲಸ. ಓದುವುದನ್ನು ಸಾವಿರ ನಕಲು ಮಾಡಬಹುದು, ಬರೆಯುವುದು ಕೊನೆಗೆ ಒಂದೇ ಕಡತ ಸೇರಬೇಕು. ‘ಕ್ರಿಕೆಟ್‌ಗೆ ಆಗುತ್ತೆ, ಬಡವರ ಅರ್ಜಿಗೆ ಆಗಲ್ವಾ?’ ಅಂತ ಕೇಳುವುದು ಚಪ್ಪಾಳೆಗೆ ಸರಿ, ವಾದಕ್ಕೆ ಸಾಲದು.

ಬರೆಯುವ ಕೆಲಸಕ್ಕೆ ಬೇರೆ ಮದ್ದಿದೆ, ಮತ್ತು ಅದು ನಮ್ಮ ತಾಲ್ಲೂಕು ಕಚೇರಿಗೆ ಹೊಸದೇನಲ್ಲ. ಹಳೆಯ ಕಚೇರಿಯಲ್ಲಿ ಟಪಾಲು ವಿಭಾಗ ಅಂತ ಒಂದಿತ್ತು, ಈಗಲೂ ಇದೆ. ಅರ್ಜಿ ಕೊಟ್ಟರೆ ಗುಮಾಸ್ತರು ಸೀಲು ಹಾಕಿ, ಇನ್‌ವರ್ಡ್ ನಂಬರ್ ಬರೆದು, ಒಂದು ಪ್ರತಿ ನಮ್ಮ ಕೈಗೆ ಕೊಡುತ್ತಾರೆ. ಅರ್ಹರೋ ಅಲ್ಲವೋ, ಪಹಣಿ ಸರಿಯಿದೆಯೋ ಇಲ್ಲವೋ, ಅದೆಲ್ಲ ಆಮೇಲಿನ ಮಾತು. ಕೇಸ್ ವರ್ಕರ್ ರಜೆಯಲ್ಲಿದ್ದರೂ ಟಪಾಲು ನಿಲ್ಲುವುದಿಲ್ಲ. ಮೊದಲು ಸ್ವೀಕರಿಸು, ಆಮೇಲೆ ಪರಿಶೀಲಿಸು. ದೊಡ್ಡ ಜಾಲತಾಣಗಳು ಇದನ್ನೇ ಮಾಡುತ್ತವೆ: ಬಂದದ್ದನ್ನು ಒಂದು ಸರದಿಗೆ ಹಾಕಿ ಟೋಕನ್ ಕೊಟ್ಟುಬಿಡುತ್ತವೆ, ನಿಜವಾದ ಕೆಲಸ ಹಿಂದೆ ನಿಧಾನಕ್ಕೆ, ಬೇಕಾದರೆ ರಾತ್ರಿ, ನಡೆಯುತ್ತದೆ.

ನಮ್ಮ ಎಷ್ಟೋ ಸೇವೆಗಳ ವಿನ್ಯಾಸ ಇದಕ್ಕೆ ಉಲ್ಟಾ. ಆಹಾರ ಇಲಾಖೆ ಹೂಂ ಅನ್ನಬೇಕು, ಆಧಾರ್ ಹೂಂ ಅನ್ನಬೇಕು, ಬ್ಯಾಂಕ್ ಹೂಂ ಅನ್ನಬೇಕು. ಎಲ್ಲರೂ ಒಟ್ಟಿಗೆ, ಅದೇ ಎರಡು ನಿಮಿಷದೊಳಗೆ ಹೂಂ ಅಂದರೆ ಮಾತ್ರ ಅರ್ಜಿ ಒಳಗೆ ಹೋಗುತ್ತದೆ. ಅಲ್ಲಿಯವರೆಗೆ ಅರ್ಜಿದಾರರು ಕೌಂಟರ್ ಮುಂದೆ ನಿಂತಿರಬೇಕು. ಕಾಗದದ ಕಚೇರಿಯಲ್ಲಿದ್ದ ಒಂದು ಒಳ್ಳೆಯ ಗುಣವನ್ನು ಗಣಕೀಕರಣದಲ್ಲಿ ನಾವು ಕಳೆದುಕೊಂಡಿದ್ದೇವೆ.

ಸಂದಣಿ ಹುಟ್ಟುವುದು ಆದೇಶದಲ್ಲಿ

ಈಗ ಮೂಲಕ್ಕೆ ಬರೋಣ. ಜನ ಒಟ್ಟಿಗೆ ಯಾಕೆ ಬರುತ್ತಾರೆ? ‘ಕೊನೆಯ ದಿನಾಂಕ’ ಅನ್ನುವ ಎರಡು ಪದಗಳಿಗೆ ಹೆದರಿ. ಕೊನೆಯ ದಿನಾಂಕ ಇಲ್ಲದಿದ್ದರೆ, ಮೊದಲು ಬಂದವರಿಗೆ ಮಾತ್ರ ಸಿಗುತ್ತದಂತೆ ಅನ್ನುವ ವದಂತಿಗೆ ಹೆದರಿ. ಆಮೇಲೆ ನಿಯಮ ಬದಲಾದರೆ ಅನ್ನುವ ಹಳೆಯ ಅನುಭವಕ್ಕೆ ಹೆದರಿ. ಗೃಹಲಕ್ಷ್ಮಿಗೆ ಕೊನೆಯ ದಿನಾಂಕ ಇಲ್ಲ ಅಂತ ಸಚಿವರು ಮತ್ತೆ ಮತ್ತೆ ಹೇಳಬೇಕಾಯಿತು. ಯಾರು ಯಾವ ದಿನ, ಯಾವ ಕೇಂದ್ರಕ್ಕೆ ಬರಬೇಕು ಅಂತ ಎಸ್‌ಎಂಎಸ್ ಮೂಲಕ ತಿಳಿಸುವ ಏರ್ಪಾಡನ್ನೂ ಮಾಡಲಾಗಿತ್ತು. ದಾರಿ ಸರಿಯಾದದ್ದೇ. ಆದರೆ ಸರ್ಕಾರದ ಮಾತಿನ ಮೇಲೆ ನಂಬಿಕೆ ಇದ್ದರೆ ತಾನೇ ಜನ ಮನೆಯಲ್ಲಿ ಕೂರುವುದು? ನಂಬಿಕೆಯೂ ಒಂದು ಮೂಲಸೌಕರ್ಯ. ಅದು ಕಡಿಮೆಯಾದಷ್ಟೂ ಸರ್ವರ್ ಜಾಸ್ತಿ ಬೇಕು.

ಆದೇಶದ ಒಂದು ಸಾಲು ಹೇಗೆ ನೂರು ಸರ್ವರ್‌ಗಳ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಎರಡು ಉದಾಹರಣೆ. ಮೊದಲು ತತ್ಕಾಲ್ ಟಿಕೆಟ್ ಎಲ್ಲ ದರ್ಜೆಗಳಿಗೂ ಬೆಳಿಗ್ಗೆ 10ಕ್ಕೇ ತೆರೆದುಕೊಳ್ಳುತ್ತಿತ್ತು. 2015ರ ಜೂನ್‌ನಲ್ಲಿ ರೈಲ್ವೆ ಅದನ್ನು ಒಡೆದು, ಎ.ಸಿ. ದರ್ಜೆಗೆ 10, ಉಳಿದದ್ದಕ್ಕೆ 11 ಅಂತ ಮಾಡಿತು. ಯಂತ್ರ ಕೊಳ್ಳದೆ ನೂಕುನುಗ್ಗಲನ್ನು ಎರಡು ಪಾಲು ಮಾಡಿದ ಬಗೆ ಇದು. ಎರಡನೆಯದು ಕೋವಿನ್. 2021ರ ಏಪ್ರಿಲ್ 28ರ ಸಂಜೆ 4 ಗಂಟೆಗೆ 18ರಿಂದ 44 ವರ್ಷದವರಿಗೆ ನೋಂದಣಿ ತೆರೆದಾಗ ಮೊದಲ ನಿಮಿಷಗಳಲ್ಲಿ ತಾಣ ತಡವರಿಸಿತು. ಆ ದಿನವೇ ಒಂದು ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದರು. ಲಸಿಕೆಯೇ ಇಲ್ಲದಿರುವಾಗ ನೋಂದಣಿ ಎಷ್ಟು ವೇಗವಾದರೇನು, ಅದು ಬೇರೆ ಮಾತು. ನನಗೆ ಮುಖ್ಯವಾಗಿ ಕಾಣುವುದು ಮುಂದಿನದು. ಮೇ 24ರಂದು ಸರ್ಕಾರಿ ಲಸಿಕಾ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಕೂಡ ಸ್ಮಾರ್ಟ್‌ಫೋನ್ ಇಲ್ಲದವರ ಗತಿಯೇನು ಅಂತ ಕೇಂದ್ರವನ್ನು ಕೇಳಿತು. ನೇರವಾಗಿ ಹೋಗಿ ಚುಚ್ಚಿಸಿಕೊಳ್ಳುವ ದಾರಿ ತೆರೆದರೆ ಹಳ್ಳಿಯವರಿಗೆ ನ್ಯಾಯವೂ ಸಿಕ್ಕಿತು, ಜಾಲತಾಣದ ಹೆಗಲೂ ಹಗುರಾಯಿತು. ಎರಡೂ ಒಂದೇ ಕೆಲಸ.

ಸಕಾಲದ ಗಡಿಯಾರ

ಈ ವಿಷಯ ಬರೀ ತಾಂತ್ರಿಕವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕರ್ನಾಟಕದಲ್ಲಿ ಸಕಾಲ ಕಾಯ್ದೆ ಇದೆ. 2011ರ ಕಾಯ್ದೆ, 2012ರಿಂದ ಜಾರಿ. ಅರ್ಜಿ ಕೊಟ್ಟ ಮೇಲೆ ಇಂತಿಷ್ಟು ದಿನದಲ್ಲಿ ಸೇವೆ ಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಾಗರಿಕರದು. ದೇಶವೇ ತಿರುಗಿ ನೋಡಿದ ಕಾಯ್ದೆ ಅದು.

ಆದರೆ ಆ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕೃತವಾಗಿ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಡೌನ್ ಆದರೆ ಅರ್ಜಿಯೇ ಒಳಗೆ ಹೋಗಿಲ್ಲ. ಸಂಖ್ಯೆ ಇಲ್ಲ, ಗಡಿಯಾರ ಇಲ್ಲ, ತಡವೂ ಇಲ್ಲ, ಪರಿಹಾರವೂ ಇಲ್ಲ. ನಾಲ್ಕು ದಿನ ಕೂಲಿ ಬಿಟ್ಟು ಬಂದ ಮಹಿಳೆ ಸರ್ಕಾರದ ಲೆಕ್ಕದಲ್ಲಿ ಬಂದೇ ಇಲ್ಲ. ಇಲಾಖೆಯ ಅಂಕಿಅಂಶದಲ್ಲಿ ಎಲ್ಲ ಅರ್ಜಿಗಳೂ ಸಕಾಲಕ್ಕೇ ವಿಲೇವಾರಿ! ಸರ್ವರ್ ಕುಸಿತವನ್ನು ನಾನು ಹಕ್ಕಿನ ಪ್ರಶ್ನೆ ಅನ್ನುವುದು ಈ ಕಾರಣಕ್ಕೆ.

ಇನ್ನೂ ಕಠಿಣ ರೂಪವೂ ಇದೆ. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಆ್ಯಪ್ ಮೂಲಕ ದಿನಕ್ಕೆ ಎರಡು ಸಲ ಫೋಟೊ ಹಾಜರಾತಿ ಕಡ್ಡಾಯ ಮಾಡಲಾಯಿತು. ಮಣ್ಣು ಅಗೆದಿದ್ದು ಕಣ್ಣಿಗೆ ಕಾಣುತ್ತಿದ್ದರೂ ಫೋಟೊ ಏರಲಿಲ್ಲ, ಕೂಲಿ ಬರಲಿಲ್ಲ ಅನ್ನುವ ದೂರುಗಳು ಉತ್ತರ ಕರ್ನಾಟಕದ ಕೂಲಿಕಾರರ ಸಂಘಟನೆಗಳ ಮನವಿಪತ್ರಗಳಲ್ಲಿ ಮತ್ತೆ ಮತ್ತೆ ಬಂದವು. ನಗರದವರಿಗೆ ಜಾಲತಾಣ ಬಿದ್ದರೆ ಸಿಟ್ಟು ಬರುತ್ತದೆ, ಇಲ್ಲಿ ಅಂದಿನ ಊಟ ಹೋಗುತ್ತದೆ. ಗ್ರಾಮ ಒನ್ ಆಪರೇಟರ್ ಸ್ಥಿತಿಯೂ ಬೇರೆಯಲ್ಲ. ಸೇವೆ ಕೊಟ್ಟರೆ ಮಾತ್ರ ಅವರಿಗೆ ಆದಾಯ, ಬೈಗುಳ ಮಾತ್ರ ಸರ್ವರ್ ಇದ್ದರೂ ಇಲ್ಲದಿದ್ದರೂ ಸಿಗುತ್ತದೆ.

‘ದುಡ್ಡು ಎಲ್ಲಿಂದ ತರೋಣ?’

ಇದಕ್ಕೆ ಬರುವ ಆಕ್ಷೇಪಗಳನ್ನೂ ನೋಡಬೇಕು. ಮೊದಲನೆಯದು ಖರ್ಚು. ಮೂರು ದಿನದ ಜಾತ್ರೆಗೆ ವರ್ಷಪೂರ್ತಿ ಸರ್ವರ್ ಕೊಂಡಿಟ್ಟುಕೊಳ್ಳುವುದು ದಂಡ ಅನ್ನುವುದು ನಿಜ. ಅದಕ್ಕೇ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕ್ಲೌಡ್ ಬಂದಿರುವುದು. ಕೇಂದ್ರ ಸರ್ಕಾರದ್ದೇ ಮೇಘರಾಜ್ ಅನ್ನುವ ವ್ಯವಸ್ಥೆ ಇದೆ. ಅದಕ್ಕಿಂತ ಮುಖ್ಯವಾಗಿ, ಅರ್ಜಿಗಳನ್ನು ತಿಂಗಳಿಗೆ ಹಂಚುವುದಕ್ಕೆ, ಮೊದಲು ಸ್ವೀಕರಿಸಿ ಆಮೇಲೆ ಪರಿಶೀಲಿಸುವುದಕ್ಕೆ ದುಡ್ಡಿಗಿಂತ ಯೋಚನೆ ಬೇಕು.

ಎರಡನೆಯದು ದಾಳಿ. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ದಿನಗಟ್ಟಲೆ ತೊಂದರೆಗೆ ಸಿಕ್ಕಿ, ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಆಸ್ತಿ ನೋಂದಣಿಗೆ ಬಂದವರು ವಾಪಸ್ ಹೋದರು. ನಕಲಿ ಖಾತೆಗಳಿಂದ ಋಣಭಾರ ಪ್ರಮಾಣಪತ್ರದ ಹುಡುಕಾಟದ ಮೇಲೆ ಲಕ್ಷಾಂತರ ಕೋರಿಕೆ ಸುರಿದು ದಾಳಿ ಮಾಡಲಾಗಿದೆ ಅಂತ ಸರ್ಕಾರ ಹೇಳಿತು, ಪೊಲೀಸ್ ದೂರೂ ಆಯಿತು. ದಾಳಿ ಮಾಡಿದವರಿಗೆ ಶಿಕ್ಷೆಯಾಗಲಿ. ಆದರೆ ಒಬ್ಬನೇ ಬಂದು ನಿಮಿಷಕ್ಕೆ ಸಾವಿರ ಸಲ ಕೇಳಿದರೆ ‘ನಿಲ್ಲಪ್ಪಾ’ ಅನ್ನುವ ಕಾವಲು ಬಾಗಿಲಲ್ಲೇ ಇರಬೇಕು. ಕಳ್ಳರು ಇದ್ದಾರೆ ಅನ್ನುವುದು ಬೀಗ ಹಾಕುವುದಕ್ಕೆ ಕಾರಣವೇ ಹೊರತು ಬೀಗ ಇಲ್ಲದಿದ್ದುದಕ್ಕೆ ಸಬೂಬಲ್ಲ.

ಮೂರನೆಯದು, ‘ಸರ್ಕಾರಿ ವ್ಯವಸ್ಥೆ, ಇಷ್ಟೇ’ ಅನ್ನುವ ನಿಟ್ಟುಸಿರು. ಅಮೆರಿಕದ ಒಂದು ಪ್ರಸಂಗ ಹೇಳುತ್ತೇನೆ. 2013ರ ಅಕ್ಟೋಬರ್ 1ರಂದು ಅಲ್ಲಿನ ಸರ್ಕಾರ ಆರೋಗ್ಯ ವಿಮೆಗಾಗಿ ಹೆಲ್ತ್‌ಕೇರ್ ಡಾಟ್ ಗವ್ ಅನ್ನುವ ತಾಣ ತೆರೆಯಿತು. ಮೊದಲ ದಿನ ಪೂರ್ತಿಯಾಗಿ ನೋಂದಣಿ ಆದವರು 6 ಮಂದಿ ಅಂತ ಆಮೇಲೆ ಬಹಿರಂಗವಾದ ಸಭಾ ಟಿಪ್ಪಣಿಗಳು ಹೇಳಿದವು. ವಿಮೆಗಳನ್ನು ಸುಮ್ಮನೆ ನೋಡುವುದಕ್ಕೂ ಮೊದಲು ಖಾತೆ ತೆರೆಯಲೇಬೇಕು ಅನ್ನುವ ನಿಯಮ ಮಾಡಿದ್ದು ಕುಸಿತಕ್ಕೆ ದೊಡ್ಡ ಕಾರಣಗಳಲ್ಲೊಂದು. ಓದುವ ಕೆಲಸವನ್ನು ಬರೆಯುವ ಕೆಲಸ ಮಾಡಿಬಿಟ್ಟಿದ್ದರು. ಸರಿಪಡಿಸಲು ಬಂದ ತಂಡ ಮೊದಲು ಮಾಡಿದ್ದು ಹೊಸ ಯಂತ್ರ ತರಿಸುವುದಲ್ಲ, ಎಲ್ಲಿ ಏನಾಗುತ್ತಿದೆ ಅಂತ ಎಲ್ಲರಿಗೂ ಕಾಣುವ ಒಂದು ಅಂಕಿಗಳ ಫಲಕ ಮಾಡಿದ್ದು. ಪದೇ ಪದೇ ಕೇಳುವ ಮಾಹಿತಿಗೆ ಕ್ಯಾಶ್ ಇಟ್ಟರು. ಸಭೆಯಲ್ಲಿ ಯಾರ ತಪ್ಪು ಅನ್ನುವ ಚರ್ಚೆಗೆ ಜಾಗವಿಲ್ಲ ಅಂತ ನಿಯಮ ಮಾಡಿದರು. ಜನ ಹೆಚ್ಚಾದಾಗ ‘ಸರದಿಯಲ್ಲಿದ್ದೀರಿ, ಯಾವಾಗ ಬರಬೇಕು ಅಂತ ಇಮೇಲ್ ಮಾಡುತ್ತೇವೆ’ ಅನ್ನುವ ಏರ್ಪಾಡು ಬಂತು. ಎರಡೇ ತಿಂಗಳಲ್ಲಿ ತಾಣ ನಿಂತುಕೊಂಡಿತು. ಸರ್ಕಾರಿ ವ್ಯವಸ್ಥೆಯೇ ಅದೂ.

ನಾವು ಕೇಳಬೇಕಾದ್ದು

ಖಾಸಗಿ ತಾಣ ಬಿದ್ದರೆ ಗ್ರಾಹಕರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಸರ್ಕಾರಕ್ಕೆ ಪಕ್ಕದ ಅಂಗಡಿ ಇಲ್ಲ. ಅದಕ್ಕೇ ಅದರ ಹೊಣೆ ಹೆಚ್ಚು. ನನ್ನ ಬೇಡಿಕೆಗಳು ನಾಲ್ಕು.

ಒಂದು, ಯಾವ ಸೇವೆಯ ಸರ್ವರ್ ಎಷ್ಟು ಗಂಟೆ ನಿಂತಿತ್ತೋ ಅಷ್ಟು ದಿನ ಅದರ ಕೊನೆಯ ದಿನಾಂಕ ತಾನಾಗಿಯೇ ಮುಂದಕ್ಕೆ ಹೋಗಬೇಕು. ಸಚಿವರ ಹೇಳಿಕೆಗೆ ಕಾಯಬಾರದು. ಎರಡು, ಕೇಂದ್ರಕ್ಕೆ ಬಂದವರ ಹೆಸರು, ಕಾರ್ಡ್ ಸಂಖ್ಯೆಯನ್ನು ಮೊದಲು ಬರೆದುಕೊಂಡು ಟೋಕನ್ ಕೊಡಬೇಕು. ಸಕಾಲದ ಗಡಿಯಾರ ಆ ಟೋಕನ್‌ನಿಂದಲೇ ಓಡಬೇಕು. ಮೂರು, ಯಾವ ಇಲಾಖೆಯ ಕೊಂಡಿ ಈಗ ಕೆಲಸ ಮಾಡುತ್ತಿಲ್ಲ ಅನ್ನುವುದು ಎಲ್ಲರಿಗೂ ಕಾಣುವ ಕನ್ನಡದ ಒಂದು ಪುಟದಲ್ಲಿರಬೇಕು. ಆಪರೇಟರ್‌ಗಳಿಗೆ ಎಸ್‌ಎಂಎಸ್ ಹೋಗಬೇಕು. ಹತ್ತು ಕಿಲೋಮೀಟರ್ ನಡೆದು ಬರುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಲು ಅದರಿಂದ ಸಾಧ್ಯವಾಗುತ್ತದೆ. ನಾಲ್ಕು, ದೊಡ್ಡ ಯೋಜನೆ ತೆರೆಯುವ ಮೊದಲು ಎಷ್ಟು ಜನರ ಭಾರಕ್ಕೆ ಪರೀಕ್ಷೆ ಮಾಡಲಾಗಿದೆ ಅನ್ನುವುದನ್ನು ಪ್ರಕಟಿಸಬೇಕು.

ಇನ್ನು ನಮ್ಮ ಬಳಗಕ್ಕೆ. ತಾಲ್ಲೂಕು ವರದಿಗಾರರಾಗಿರುವ ಗೆಳೆಯರೇ, ಮುಂದಿನ ಸಲ ಸಾಲಿನ ಫೋಟೊ ತೆಗೆದ ಮೇಲೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಯಾವ ಕೊಂಡಿ ಕಳಚಿದ್ದು? ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ನಿರ್ವಹಣೆಯ ಗುತ್ತಿಗೆ ಯಾರದು, ಒಪ್ಪಂದದಲ್ಲಿ ಎಷ್ಟು ಲಭ್ಯತೆ ಬರೆದಿದೆ? ಅದಕ್ಕೆ ತಪ್ಪಿದ್ದಕ್ಕೆ ಈವರೆಗೆ ಎಷ್ಟು ದಂಡ ವಸೂಲಾಗಿದೆ? ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ನಾಲ್ಕನ್ನೂ ಬೇರೆ ಬೇರೆಯಾಗಿ ಹಾಕಿ. ಕೇಂದ್ರದಲ್ಲಿ ಕೂತು ಒಂದು ದಿನ ಎಷ್ಟು ಜನ ಬರಿಗೈಲಿ ವಾಪಸ್ ಹೋದರು ಅಂತ ನೀವೇ ಎಣಿಸಿ. ಆ ಲೆಕ್ಕ ಸರ್ಕಾರದ ಹತ್ತಿರ ಇಲ್ಲ. ನಮ್ಮ ಹತ್ತಿರವಾದರೂ ಇರಲಿ.

ಆಪರೇಟರ್ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನೂ ಸಾಲಿನಲ್ಲೇ ಇದ್ದಾನೆ. ಪ್ರಶ್ನೆ ಹೋಗಬೇಕಾದ್ದು ಆದೇಶಕ್ಕೆ ಸಹಿ ಹಾಕಿದವರಿಗೆ. ‘ಸರ್ವರ್ ಡೌನ್’ ಅಂತ ಅವರು ಹೇಳಿದಾಗ ನಮ್ಮ ಮರುಪ್ರಶ್ನೆ ಸಿದ್ಧವಿರಲಿ: ಯಾವ ಸರ್ವರ್, ಎಷ್ಟು ಹೊತ್ತಿನಿಂದ, ಯಾರ ಹೊಣೆ?